ತಿರುಗಣಿಯ ಮೇಲೆ ಪದ್ಮಿನಿ

ಹಳೆಯ ಫಿಯೆಟ್ ಕೊಳ್ಳಲು ಹೊರಟವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಎಂಜಿನ್ ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡುತ್ತಾರೆ, ಸ್ಟೀರಿಂಗ್ ಪಕ್ಕದ ಗೇರ್ ಲಿವರನ್ನು ಆಡಿಸುತ್ತಾರೆ, ಕ್ರೋಮ್ ಬಂಪರಿನಲ್ಲಿ ಮುಖ ಕಂಡರೆ ಮನಸ್ಸು ಅರ್ಧ ಸೋತಂತೆಯೇ. ಇವೆಲ್ಲ ಕೆಟ್ಟಿದ್ದರೂ ಸರಿಹೋಗುವ ಸಂಗತಿಗಳು. 1089 ಸಿ.ಸಿ.ಯ ಆ ಎಂಜಿನ್ನನ್ನು ಬಿಚ್ಚಿ ಬೋರ್ ಮಾಡಿಸಿಕೊಡುವ ಮೇಸ್ತ್ರಿಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಕ್ರೋಮ್ ಹಾಕುವವರೂ ಇದ್ದಾರೆ. ನೋಡಬೇಕಾದ್ದು ಬೇರೆ ಕಡೆ. ಕಾಲಡಿಯ ಮ್ಯಾಟ್ ಎತ್ತಿ, ಮಂಡಿಯೂರಿ ಕೂತು, ಬಾಗಿಲ ಕೆಳಗಿನ ಹೊಸ್ತಿಲ ತಗಡನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಬೇಕು. ಟಣ್ ಎಂದರೆ ಗಾಡಿಗೆ ಜೀವವಿದೆ. ತುದಿ ಒಳಗಿಳಿದು ಕೆಂಪು ಹುಡಿ ಉದುರಿತೋ, ಮೇಲೆ ಎಷ್ಟು ಚೆಂದದ ಬಣ್ಣವಿದ್ದರೂ ಆ ಕಾರಿನ ಕೆಲಸ ಅಡಿಯಿಂದಲೇ ಶುರುವಾಗಬೇಕು.

ನಮ್ಮಲ್ಲಿ ಅದು ಅಡಿಯಿಂದ ಶುರುವಾಗುವುದು ಅಪರೂಪ. ಕಾರನ್ನು ಜಾಕ್ ಕೊಟ್ಟು ಒಂದೂವರೆ ಅಡಿ ಎತ್ತುತ್ತಾರೆ. ಟಿಂಕರ್ ನೆಲಕ್ಕೆ ಗೋಣಿಚೀಲ ಹಾಸಿ ಅಂಗಾತ ಒಳಗೆ ತೂರುತ್ತಾನೆ. ಮುಖದ ಮೇಲೆ ಒಂದು ಗೇಣು ದೂರದಲ್ಲಿ ತುಕ್ಕು ಹಿಡಿದ ತಗಡು, ಕೈಯಲ್ಲಿ ಉರಿಯುವ ಗ್ಯಾಸ್. ಕರಗಿದ ಲೋಹ ಎಲ್ಲಿ ಬೀಳಬೇಕೋ ಅಲ್ಲಿ ನಿಲ್ಲದೆ ಅವನ ಕುತ್ತಿಗೆಗೆ, ಕಿವಿಗೆ, ಅಂಗಿಯೊಳಗೆ ಇಳಿಯುತ್ತದೆ. ಅಂಥ ಸ್ಥಿತಿಯಲ್ಲಿ ಯಾರೇ ಆಗಲಿ ಕೊಳೆತ ತಗಡನ್ನು ಪೂರ್ತಿ ಕತ್ತರಿಸಿ ತೆಗೆಯಲಾರರು. ಅದರ ಮೇಲೇ ಹೊಸದೊಂದು ತುಂಡು ಕೂರಿಸಿ, ಸುತ್ತ ನಾಲ್ಕು ಟಾಕಿ ಹಾಕಿ, ಮೇಲಿಂದ ಕಪ್ಪು ಅಂಡರ್‌ಕೋಟ್ ಬಳಿದು ಹೊರಬರುತ್ತಾರೆ. ತೇಪೆಗೂ ಹಳೆಯ ತಗಡಿಗೂ ನಡುವೆ ನೀರು ನಿಲ್ಲುತ್ತದೆ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ತೂತು ಮೊದಲಿಗಿಂತ ದೊಡ್ಡದಾಗಿ ಮರಳಿ ಬರುತ್ತದೆ. ಇದರಲ್ಲಿ ಟಿಂಕರನ ಕೈಚಳಕದ ಕೊರತೆಯಿಲ್ಲ, ಅವನಿಗೆ ಕೊಟ್ಟ ಜಾಗದ ಕೊರತೆಯಿದೆ. ಹಾಗಾಗಿ ಹಳೆಯ ಕಾರೊಂದನ್ನು ಮನಸ್ಸಿಟ್ಟು ಉಳಿಸಿಕೊಳ್ಳಬೇಕೆನ್ನುವವರು ಬಣ್ಣಕ್ಕೂ ಬಿಡಿಭಾಗಕ್ಕೂ ಹಣ ಎತ್ತಿಡುವ ಮುಂಚೆ ಇಡೀ ಕಾರನ್ನು ಮಗುಚಿ ಹಿಡಿಯುವ ಒಂದು ಚೌಕಟ್ಟನ್ನು ಕಟ್ಟಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೋಳಿ ಸುಡುವ ತಿರುಗುಕಂಬಿಯ ಹೆಸರನ್ನೇ ಎರವಲು ಪಡೆದು ಪಶ್ಚಿಮದ ಗ್ಯಾರೇಜುಗಳಲ್ಲಿ ಅದನ್ನು ರೋಟಿಸರಿ ಎನ್ನುತ್ತಾರೆ. ನಾನು ತಿರುಗಣಿ ಎನ್ನುತ್ತೇನೆ.

ಎಲ್ಲ ಗಾಡಿಗೂ ಇದು ಬೇಕಿಲ್ಲ. ಜೀಪಿನಂಥದ್ದರಲ್ಲಿ ಏಣಿಯಾಕಾರದ ಚಾಸಿ ಬೇರೆ, ಮೇಲಿನ ಬಾಡಿ ಬೇರೆ. ಬೋಲ್ಟು ಬಿಚ್ಚಿ, ಕೈಗೂಡಿಸುವ ನಾಲ್ಕಾರು ಜನರಿದ್ದರೆ ಬಾಡಿಯನ್ನು ಎತ್ತಿ ಅಂಗಳದಲ್ಲಿ ಕವುಚಿ ಹಾಕಬಹುದು. ಫಿಯೆಟ್ಟಿಗೆ ಅಂಥ ಚಾಸಿಯೇ ಇಲ್ಲ. ಇಟಲಿಯ ಲಾನ್ಚಿಯಾ ಕಂಪನಿ 1922ರಲ್ಲಿ ಲಾಂಬ್ಡಾ ಕಾರಿನಲ್ಲಿ ತೋರಿಸಿಕೊಟ್ಟ, 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ದೊಡ್ಡ ಪ್ರಮಾಣದಲ್ಲಿ ರಸ್ತೆಗಿಳಿಸಿದ ದಾರಿ ಇದು. ನೆಲ, ಹೊಸ್ತಿಲು, ಬಾಗಿಲ ಕಂಬ, ಚಾವಣಿ ಎಲ್ಲವೂ ತೆಳು ತಗಡುಗಳೇ. ಒಂದರ ಅಂಚನ್ನು ಇನ್ನೊಂದಕ್ಕೆ ಸ್ಪಾಟ್ ವೆಲ್ಡ್ ಮಾಡಿ ಕೂಡಿಸಿದಾಗ ಅವೆಲ್ಲ ಸೇರಿ ಒಂದೇ ಕವಚವಾಗಿ ಚಾಸಿಯ ಕೆಲಸ ಮಾಡುತ್ತವೆ. ಹೊಸ ಬೆಂಕಿಪೊಟ್ಟಣವನ್ನು ತಿರುಚಲು ಹೋದರೆ ಅದು ತಡೆಯುತ್ತದೆ. ಅದರ ಒಂದು ಮಗ್ಗುಲು ಹರಿದಿದ್ದರೆ ಬೆರಳ ತುದಿಗೇ ಸೊಟ್ಟಗಾಗುತ್ತದೆ. ಹೊಸ್ತಿಲು ಕೊಳೆತ ಫಿಯೆಟ್ಟಿನ ಬಾಗಿಲು ಎತ್ತಿ ಹಾಕದೆ ಮುಚ್ಚಿಕೊಳ್ಳುವುದಿಲ್ಲವಲ್ಲ, ಅದಕ್ಕೆ ಕಾರಣ ಹಿಂಜ್ ಅಲ್ಲ. ಇಡೀ ಕವಚ ನಡುವಿನಲ್ಲಿ ಜಗ್ಗಿರುತ್ತದೆ.

ಆ ಕವಚಕ್ಕೆ ಬದಲಿ ಕವಚ ಎಲ್ಲಿಯೂ ಸಿಗುವುದಿಲ್ಲ. ಇಂಗ್ಲೆಂಡಿನ ಎಂಜಿಬಿ ಕಾರಿಟ್ಟುಕೊಂಡವರ ಅದೃಷ್ಟ ಬೇರೆ. ಆಕ್ಸ್‌ಫರ್ಡ್‌ಶೈರಿನ ವಿಟ್ನಿಯಲ್ಲಿರುವ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಹಳೆಯ ಅಚ್ಚುಗಳನ್ನೇ ಬಳಸಿ ಹೊಚ್ಚಹೊಸ ಎಂಜಿಬಿ ಕವಚ ತಯಾರಿಸಿ ಕೊಡುತ್ತಿದೆ. ಕೊಳೆತದ್ದನ್ನು ಬಿಟ್ಟು ಹೊಸದನ್ನು ತರಿಸಿಕೊಳ್ಳಬಹುದು. ನಮ್ಮ ಪದ್ಮಿನಿಗೆ ಆ ಅದೃಷ್ಟವಿಲ್ಲ. ಅದು ಸೇರಿದ ಫಿಯೆಟ್ 1100 ಕುಟುಂಬದ ಶಾಖೆ 1953ರಲ್ಲಿ ಇಟಲಿಯಲ್ಲಿ ಹುಟ್ಟಿತು. ಮುಂಬೈಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಲ್ಲಿ 1964ರ ಹೊತ್ತಿಗೆ ಡಿಲೈಟ್ ಆಯಿತು, ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, ಆಮೇಲೆ ಪದ್ಮಿನಿ. ಮುಂಬೈಯ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ಇಳಿದುಹೋಯಿತು. ಅದರ ಕವಚವನ್ನು ಹೊಸದಾಗಿ ಒತ್ತಿಕೊಡುವವರು ಯಾರೂ ಇಲ್ಲ. ಗುಜರಿಗೆ ಹೋದ ಪ್ರತಿಯೊಂದೂ ಲೆಕ್ಕದಿಂದ ಹೋದಂತೆ. ಉಳಿದಿರುವುದನ್ನು ತುಂಡು ತುಂಡಾಗಿಯಾದರೂ ಕತ್ತರಿಸಿ, ಬೆಸೆದು, ಉಳಿಸಿಕೊಳ್ಳಬೇಕು.

ಕರಾವಳಿಯಲ್ಲಿ ಈ ಕೆಲಸಕ್ಕೆ ಅವಸರ ಇನ್ನೂ ಹೆಚ್ಚು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಮಳೆಯಿಲ್ಲದ ತಿಂಗಳುಗಳಲ್ಲಿ ಉಪ್ಪುಗಾಳಿ ಬೀಸುತ್ತದೆ. ಕಬ್ಬಿಣ, ನೀರು, ಗಾಳಿ ಮೂರೂ ಸೇರಿದರೆ ತುಕ್ಕು. ಉಪ್ಪು ಸೇರಿದರೆ ಅದರ ವೇಗ ಏರುತ್ತದೆ. ಹೊರಗೆ ಕಾಣುವ ತುಕ್ಕು ಅಷ್ಟೇನೂ ಕೇಡಿನದಲ್ಲ, ಉಜ್ಜಿದರೆ ಹೋಗುತ್ತದೆ. ಹೊಸ್ತಿಲಿನೊಳಗೆ, ನೆಲದಡಿಯ ಅಡ್ಡತೊಲೆಗಳೊಳಗೆ, ಎರಡು ತಗಡುಗಳು ಒಂದರ ಮೇಲೊಂದು ಕೂತ ಅಂಚುಗಳಲ್ಲಿ ಹುಟ್ಟುವುದು ಕೇಡಿನದು. ಅಲ್ಲಿಗೆ ಬಣ್ಣ ತಲುಪಿರುವುದಿಲ್ಲ, ನೀರು ಮಾತ್ರ ತಲುಪುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಒಳಗಿನಿಂದ ಉಬ್ಬಿ ಸ್ಪಾಟ್ ವೆಲ್ಡುಗಳನ್ನು ಒಂದೊಂದಾಗಿ ಕಿತ್ತುಹಾಕುತ್ತದೆ. ಕಾರನ್ನು ನಾಲ್ಕು ಚಕ್ರದ ಮೇಲೆ ನಿಲ್ಲಿಸಿಕೊಂಡು ಈ ಜಾಗಗಳನ್ನು ನೋಡಲೂ ಆಗುವುದಿಲ್ಲ, ಮುಟ್ಟಲೂ ಆಗುವುದಿಲ್ಲ.

ಕಾರು ತಯಾರಿಸುವವರಿಗೆ ಈ ಸತ್ಯ ಬಹಳ ಹಿಂದೆಯೇ ಗೊತ್ತಿತ್ತು. ಐವತ್ತರ ದಶಕದ ಬ್ರಿಟನ್ನಿನಲ್ಲಿ, ನಮ್ಮ ಅಂಬಾಸಡರ್ ಕಾರಿನ ತವರಾದ ಕೌಲಿಯ ಮಾರಿಸ್ ಕಾರ್ಖಾನೆಯಲ್ಲಿ, ರೋಟೋಡಿಪ್ ಎಂಬ ವ್ಯವಸ್ಥೆಯಿತ್ತು. ಕವಚದ ಉದ್ದಕ್ಕೂ ಒಂದು ದಂಡ ತೂರಿಸಿ, ಅದನ್ನು ಉರುಳಿಸುತ್ತಲೇ ತೊಟ್ಟಿಗಳಲ್ಲಿ ಅದ್ದಿ ಪ್ರೈಮರ್ ಹಿಡಿಸುತ್ತಿದ್ದರು. ಇಂದಿಗೂ ಜರ್ಮನಿಯ ಡ್ಯೂರ್ ಕಂಪನಿಯ ರೋಡಿಪ್ ಎಂಬ ವ್ಯವಸ್ಥೆಯಲ್ಲಿ ಹೊಸ ಕಾರಿನ ಕವಚ ತೊಟ್ಟಿಯೊಳಗೆ ಪೂರ್ತಿ ಲಾಗ ಹೊಡೆದೇ ಹೊರಬರುತ್ತದೆ. ಮಗುಚದೆ ಹೋದರೆ ಚಾವಣಿಯಡಿ ಗಾಳಿ ಸಿಕ್ಕಿಕೊಳ್ಳುತ್ತದೆ, ಮೂಲೆಗಳಿಗೆ ಬಣ್ಣ ಹೋಗುವುದಿಲ್ಲ. ಕಾರ್ಖಾನೆಯವರು ಕೋಟಿಗಟ್ಟಲೆ ಸುರಿದು ಮಾಡುವ ಈ ಕೆಲಸದ ಮೂಲ ಉಪಾಯವನ್ನು ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಕಬ್ಬಿಣದ ಕಂಬ, ಎರಡು ತುಂಡು ಪೈಪು ಇಟ್ಟುಕೊಂಡು ಸಾಧಿಸಬಹುದು ಎಂಬುದೇ ನನ್ನನ್ನು ಈ ವಿಷಯಕ್ಕೆ ಎಳೆದದ್ದು.

ತಿರುಗಣಿ ಎಂದರೆ ಇಷ್ಟೇ. ಕಾರಿನ ಮುಂದೊಂದು, ಹಿಂದೊಂದು ಗಟ್ಟಿ ಸ್ಟ್ಯಾಂಡ್. ಎರಡರ ತಲೆಯಲ್ಲೂ ತಿರುಗುವ ಒಂದೊಂದು ದಂಡ. ದಂಡದ ತುದಿಯ ಚೌಕಟ್ಟನ್ನು ಬಂಪರ್ ಕೂರುತ್ತಿದ್ದ ಬೋಲ್ಟುಗಳಿಗೆ ಬಿಗಿಯುತ್ತೇವೆ. ಎಂಜಿನ್, ಗೇರ್‌ಬಾಕ್ಸ್, ಅಚ್ಚು, ಬಾಗಿಲು, ಗಾಜು, ಸೀಟು, ವೈರಿಂಗ್ ಎಲ್ಲ ಕಳಚಿದ ಬರಿಗವಚ ಈ ಎರಡು ತುದಿಗಳ ನಡುವೆ ತೂಗುತ್ತದೆ. ಕೈಯಿಂದ ತಿರುಗಿಸಿ ಬೇಕಾದ ಕೋನದಲ್ಲಿ ಪಿನ್ ಹಾಕಿ ನಿಲ್ಲಿಸಬಹುದು. ಪೆಟ್ರೋಲ್ ಟ್ಯಾಂಕನ್ನು ಎಲ್ಲಕ್ಕಿಂತ ಮೊದಲು ಬಿಚ್ಚಿ ಶೆಡ್ಡಿನಿಂದಲೇ ಹೊರಗಿಡಬೇಕು. ಖಾಲಿ ಟ್ಯಾಂಕಿನೊಳಗಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ.

ಜಾಗದ ಲೆಕ್ಕ ಮೊದಲು ಆಗಬೇಕು. ಪದ್ಮಿನಿಯ ಉದ್ದ ನಾಲ್ಕು ಮೀಟರಿಗೆ ಸ್ವಲ್ಪ ಕಡಿಮೆ, ಅಗಲ ಸುಮಾರು ಒಂದೂವರೆ ಮೀಟರ್. ಎರಡೂ ತುದಿಗೆ ಸ್ಟ್ಯಾಂಡ್, ಸುತ್ತ ಓಡಾಡಲು ದಾರಿ ಸೇರಿಸಿದರೆ ಇಪ್ಪತ್ತಡಿ ಉದ್ದ, ಹನ್ನೆರಡು ಅಡಿ ಅಗಲದ ಜಾಗ ಬೇಕು. ಕವಚ ಮಗ್ಗುಲಾದಾಗ ಅದರ ಅಂಚು ನೆಲಕ್ಕೆ ತಾಗಬಾರದಾದ್ದರಿಂದ ತಿರುಗುವ ದಂಡ ನೆಲದಿಂದ ಮೂರೂವರೆ ಅಡಿಯ ಆಸುಪಾಸಿನಲ್ಲಿರಬೇಕು. ನೆಲ ಕಾಂಕ್ರೀಟಿನದಾಗಿರಬೇಕು. ಮಣ್ಣುನೆಲದಲ್ಲಿ ಒಂದು ಸ್ಟ್ಯಾಂಡಿನ ಕಾಲು ಒಂದಿಂಚು ಕುಸಿದರೂ ಮೇಲಿನ ದಂಡಗಳ ಸಾಲು ತಪ್ಪುತ್ತದೆ.

ಕಬ್ಬಿಣಕ್ಕೆ ಬೆಂಗಳೂರಿನವರು ಹುಡುಕಾಡಬೇಕಿಲ್ಲ. ಎಸ್.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ಬೋಲ್ಟು, ಬೇರಿಂಗು, ಚಕ್ರ ಎಲ್ಲ ಸಿಗುತ್ತವೆ. ಚೌಕ ಪೈಪನ್ನು ಹೊಸದಾಗಿ ಕೊಳ್ಳಬಹುದು, ಗುಜರಿಯಲ್ಲಿ ತೂಕದ ಲೆಕ್ಕದಲ್ಲೂ ತರಬಹುದು. ಗುಜರಿಯದಾದರೆ ಒಳಗೆ ಇಣುಕಿ ನೋಡಬೇಕು. ಕಾರಿನ ತುಕ್ಕು ಬಿಡಿಸಲು ಹೊರಟವರು ತುಕ್ಕು ಹಿಡಿದ ಪೈಪಿಗೆ ಕಾರನ್ನು ತೂಗುಹಾಕುವಂತಾಗಬಾರದು. ಕಂಬಕ್ಕೂ ತಳಕ್ಕೂ ಮೂರಿಂಚು ಚೌಕದ, ಐದು ಮಿಲಿಮೀಟರ್ ದಪ್ಪದ ಪೈಪು ಸಾಕು. ಮೀಟರಿಗೆ ಹತ್ತು ಹನ್ನೊಂದು ಕೆ.ಜಿ. ತೂಗುತ್ತದೆ. ತಳವನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಮಾಡಿ, ಅಡ್ಡಪಟ್ಟಿಯನ್ನು ನಾಲ್ಕು ಅಡಿಗೆ ಕಡಿಮೆಯಿಲ್ಲದಂತೆ ಇಟ್ಟು, ಕಂಬದಿಂದ ತಳಕ್ಕೆ ಓರೆಯಾಗಿ ಆಧಾರ ಕೊಡಬೇಕು. ಸ್ಟ್ಯಾಂಡ್ ಕಟ್ಟಲು ಕಡ್ಡಿ ವೆಲ್ಡಿಂಗೇ ಒಳ್ಳೆಯದು. ಅದು ದಪ್ಪ ಕಬ್ಬಿಣದೊಳಗೆ ಆಳವಾಗಿ ಇಳಿಯುತ್ತದೆ. ವೆಲ್ಡಿಂಗಿನಲ್ಲಿ ಪಳಗಿದ ಕೈ ನಿಮ್ಮದಲ್ಲದಿದ್ದರೆ ಕಾರಿನ ತಗಡಿನ ಮೇಲೆ ಕಲಿಯಿರಿ, ಸ್ಟ್ಯಾಂಡಿನ ಮೇಲೆ ಬೇಡ. ತಗಡಿನ ತಪ್ಪನ್ನು ಉಜ್ಜಿ ತಿದ್ದಬಹುದು. ಸ್ಟ್ಯಾಂಡಿನ ಬೆಸುಗೆ ಬಿಟ್ಟುಕೊಂಡಾಗ ಕೆಳಗೆ ಮನುಷ್ಯನಿರುತ್ತಾನೆ.

ತಿರುಗುವ ತಲೆಯನ್ನು ಹೇಗೆ ಮಾಡುವುದು ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಅಮೆರಿಕದ ಹವ್ಯಾಸಿಗಳು ಎಂಜಿನ್ ಬಿಗಿದಿಡುವ ರೆಡಿಮೇಡ್ ಸ್ಟ್ಯಾಂಡ್ ಎರಡನ್ನು ಎದುರುಬದುರು ನಿಲ್ಲಿಸಿ ಕೆಲಸ ಸಾಧಿಸುತ್ತಾರೆ. ಅಗ್ಗವಾದರೂ ಅದರಲ್ಲೊಂದು ತೊಡಕಿದೆ. ಎಂಜಿನ್ನಿನ ಭಾರಕ್ಕೆ ಮುಂದೆ ಬಾಗಬಾರದೆಂದು ಆ ಸ್ಟ್ಯಾಂಡುಗಳ ತಲೆಯನ್ನು ತುಸು ಮೇಲ್ಮುಖವಾಗಿಯೇ ಬೆಸೆದಿರುತ್ತಾರೆ. ಅಂಥ ಎರಡನ್ನು ಎದುರಿಗಿಟ್ಟರೆ ದಂಡಗಳು ಒಂದೇ ಸಾಲಿಗೆ ಬರುವುದಿಲ್ಲ, ಅರ್ಧ ಸುತ್ತು ತಿರುಗುವಷ್ಟರಲ್ಲಿ ಕಚ್ಚಿಕೊಳ್ಳುತ್ತವೆ. ನಮ್ಮಲ್ಲಿ ಕೆಲವರು ಗುಜರಿಯಿಂದ ಹಳೆಯ ಗಾಡಿಯ ಹಬ್ಬನ್ನು ಬೇರಿಂಗ್ ಸಮೇತ ತಂದು ಕೂರಿಸುತ್ತಾರೆ, ಇನ್ನು ಕೆಲವರು ಪ್ಲಮ್ಮರ್ ಬ್ಲಾಕ್ ಹಾಕಿಸುತ್ತಾರೆ. ಎರಡೂ ಸೊಗಸಾಗಿಯೇ ತಿರುಗುತ್ತವೆ. ಆದರೆ ನನಗೆ ಮೆಚ್ಚುಗೆಯಾದದ್ದು ಎಲ್ಲಕ್ಕಿಂತ ಸರಳವಾದ, ಪೈಪಿನೊಳಗೆ ಪೈಪು ಹಾಕುವ ಕ್ರಮ. ಎರಡೂವರೆ ಇಂಚಿನ ಪೈಪಿನ ಹೊರವ್ಯಾಸ 76 ಮಿಲಿಮೀಟರ್. ಮೂರಿಂಚಿನ ಸಿ ಕ್ಲಾಸ್ ಪೈಪಿನ ಒಳವ್ಯಾಸ 79ರ ಹತ್ತಿರ. ಒಂದರೊಳಗೊಂದು ಹೇಳಿ ಮಾಡಿಸಿದಂತೆ ಕೂರುತ್ತದೆ. ಹೊರಗಿನ ಪೈಪಿನೊಳಗೆ ಉದ್ದಕ್ಕೂ ಇರುವ ವೆಲ್ಡಿಂಗ್ ಗೆರೆಯನ್ನು ಉಜ್ಜಿ ತೆಗೆದು, ಗ್ರೀಸ್ ನಿಪ್ಪಲ್ ಹಾಕಿದರೆ ಆಯಿತು. ಕಾರು ದಿನಕ್ಕೆ ನಾಲ್ಕಾರು ಬಾರಿ, ಅದೂ ನಿಧಾನವಾಗಿ ತಿರುಗುವಂಥದ್ದು. ಅದಕ್ಕೆ ಬೇರಿಂಗಿನ ನುಣುಪು ಬೇಕಿಲ್ಲ. ಪೈಪಿನ ಅಲ್ಪಸ್ವಲ್ಪ ಬಿಗಿ ಕವಚ ತಾನಾಗಿ ಜಾರದಂತೆ ತಡೆಯುವುದರಿಂದ ಇಲ್ಲಿ ಅದು ಉಪಕಾರಿಯೇ.

ನಿಲ್ಲಿಸುವ ಪಿನ್ನಿಗಾಗಿ ಹನ್ನೆರಡು ಮಿಲಿಮೀಟರ್ ದಪ್ಪದ ಪ್ಲೇಟನ್ನು ದುಂಡಗೆ ಕತ್ತರಿಸಿ, ಸುತ್ತ ಹದಿನೈದು ಡಿಗ್ರಿಗೊಂದರಂತೆ ಇಪ್ಪತ್ನಾಲ್ಕು ತೂತು ಕೊರೆಸಬೇಕು. ಇದನ್ನು ಕೈ ಡ್ರಿಲ್ಲಿನಲ್ಲಿ ಅಂದಾಜಿಗೆ ಮಾಡದೆ ಲೇತ್ ಇರುವ ವರ್ಕ್‌ಶಾಪಿಗೆ ಕೊಡುವುದು ಮೇಲು. ಮುಂದಿನ ಮತ್ತು ಹಿಂದಿನ ತಲೆಗಳೆರಡಕ್ಕೂ ಇಂಥ ಪ್ಲೇಟು ಬೇಕು. ಒಂದೇ ತುದಿಯನ್ನು ಬಿಗಿದು ಇನ್ನೊಂದನ್ನು ಬಿಟ್ಟರೆ, ಸುತ್ತಿಗೆಯ ಪ್ರತಿ ಏಟಿಗೂ ಕವಚವೇ ತಿರುಚಿಕೊಂಡು ಆ ಬಲವನ್ನು ತಾಳಬೇಕಾಗುತ್ತದೆ. ನೆಲ ಕತ್ತರಿಸಿದ ಕವಚಕ್ಕೆ ಆ ಶಕ್ತಿ ಇರುವುದಿಲ್ಲ.

ಇನ್ನು ಈ ಇಡೀ ಕಟ್ಟೋಣದ ಮರ್ಮಕ್ಕೆ ಬರುತ್ತೇನೆ. ತಿರುಗುವ ದಂಡದ ಸಾಲು ಕವಚದ ಗುರುತ್ವ ಕೇಂದ್ರದ ಮೂಲಕವೇ ಹಾಯಬೇಕು. ಬಂಪರ್ ಬೋಲ್ಟುಗಳು ಕಾರಿನ ಕೆಳಭಾಗದಲ್ಲಿರುತ್ತವೆ, ತೂಕದ ನಡು ಅದಕ್ಕಿಂತ ಸಾಕಷ್ಟು ಮೇಲಿರುತ್ತದೆ. ದಂಡವನ್ನು ನೇರವಾಗಿ ಬಂಪರಿನ ಮಟ್ಟಕ್ಕೇ ಬಿಗಿದರೆ ತೂಕವೆಲ್ಲ ದಂಡದ ಮೇಲೆ ನಿಂತಂತಾಗುತ್ತದೆ. ಪಿನ್ ತೆಗೆದ ಕ್ಷಣ ಕವಚ ಸರ್ರನೆ ಮಗುಚಿ, ಎದುರಿಗಿದ್ದವರನ್ನು ಹೊಡೆದೇ ನಿಲ್ಲುತ್ತದೆ. ದಂಡ ತೀರ ಮೇಲಿದ್ದರೆ ಅಪಾಯ ಕಡಿಮೆ, ಶ್ರಮ ಹೆಚ್ಚು. ಎಷ್ಟು ತಳ್ಳಿದರೂ ಕವಚ ಮೊದಲಿನ ಭಂಗಿಗೇ ಮರಳುತ್ತದೆ. ಲೆಕ್ಕ ಹಾಕಿ ನೋಡೋಣ. ಬರಿಗವಚ 300 ಕೆ.ಜಿ. ಎಂದಿಟ್ಟುಕೊಳ್ಳಿ. ದಂಡಕ್ಕೂ ತೂಕದ ನಡುವಿಗೂ ಐದು ಸೆಂಟಿಮೀಟರ್ ಅಂತರವಿದ್ದರೆ, ಕವಚವನ್ನು ಮಗ್ಗುಲಾಗಿ ಹಿಡಿದು ನಿಲ್ಲಿಸಲು ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ 15 ಕೆ.ಜಿ.ಯ ಬಲ ಬೇಕು. ಅಂತರವನ್ನು ಒಂದು ಸೆಂಟಿಮೀಟರಿಗೆ ಇಳಿಸಿದರೆ ಮೂರೇ ಕೆ.ಜಿ. ಹತ್ತು ವರ್ಷದ ಹುಡುಗಿಯೂ ಇಡೀ ಕಾರನ್ನು ತಿರುಗಿಸಬಲ್ಲಳು.

ಆದ್ದರಿಂದ ದಂಡಕ್ಕೂ ಬಂಪರಿನ ಚೌಕಟ್ಟಿಗೂ ನಡುವೆ ಮೇಲೆ ಕೆಳಗೆ ಸರಿಸುವ ಏರ್ಪಾಡು ಇರಲೇಬೇಕು. ಒಂದು ಚೌಕ ಪೈಪಿನೊಳಗೆ ಇನ್ನೊಂದು ಜಾರುವಂತೆ ಮಾಡಿ, ಬೋಲ್ಟಿನಿಂದ ಬಿಗಿಯುವುದು ಸುಲಭದ ಕ್ರಮ. ತೂಕದ ನಡುವನ್ನು ಪುಸ್ತಕದಲ್ಲಿ ನೋಡಿ ತಿಳಿಯುವಂತಿಲ್ಲ, ಕೈಯಿಂದಲೇ ಕಂಡುಹಿಡಿಯಬೇಕು. ಇಬ್ಬರು ಆಚೆ ಈಚೆ ಹೊಸ್ತಿಲು ಹಿಡಿದು, ಪಿನ್ ತೆಗೆಸಿ, ಕವಚವನ್ನು ಹತ್ತು ಡಿಗ್ರಿಯಷ್ಟು ಮಾತ್ರ ಓರೆ ಮಾಡಿ. ಓರೆಯಾದ ಕಡೆಗೇ ಇನ್ನೂ ಎಳೆಯುತ್ತಿದ್ದರೆ ದಂಡವನ್ನು ಮೇಲಕ್ಕೆ ಸರಿಸಿ, ಮೊದಲಿನ ಭಂಗಿಗೆ ಎಳೆಯುತ್ತಿದ್ದರೆ ಕೆಳಕ್ಕೆ. ಬಿಟ್ಟಲ್ಲೇ ನಿಂತರೆ ಸರಿಯಾಯಿತು. ನನ್ನ ಮಟ್ಟಿಗೆ, ತೂಕದ ನಡು ದಂಡಕ್ಕಿಂತ ಕೂದಲೆಳೆಯಷ್ಟು ಕೆಳಗಿರುವುದು ಕ್ಷೇಮ. ಕೈ ಜಾರಿದರೂ ಕವಚ ತನ್ನ ಸಹಜ ಭಂಗಿಗೆ ಬರುತ್ತದೆ. ಅಂಗಾತ ಮಾಡಿದಾಗ ಮಾತ್ರ ಅದೇ ತೂಕ ದಂಡದ ಮೇಲಕ್ಕೆ ಹೋಗಿರುತ್ತದೆ, ಆಗ ಎರಡೂ ಪಿನ್ ಕಡ್ಡಾಯ.

ಬಹಳ ಮಂದಿ ಮರೆಯುವ ಸಂಗತಿ ಇನ್ನೊಂದಿದೆ. ಕೆಲಸ ಸಾಗಿದಂತೆ ಗುರುತ್ವ ಕೇಂದ್ರವೂ ಸರಿಯುತ್ತಾ ಹೋಗುತ್ತದೆ. ಕೊಳೆತ ನೆಲವನ್ನು ಕತ್ತರಿಸಿ ತೆಗೆದರೆ ಕೆಳಗಿನ ತೂಕ ಇಳಿದು ನಡು ಚಾವಣಿಯತ್ತ ಏರುತ್ತದೆ. ಬೆಳಿಗ್ಗೆ ಬೆರಳಲ್ಲಿ ತಿರುಗುತ್ತಿದ್ದ ಕವಚ ಸಂಜೆಗೆ ಮೇಲ್ಭಾರವಾಗಿ ಕುಳಿತಿರುತ್ತದೆ. ದೊಡ್ಡದೊಂದು ತುಂಡು ತೆಗೆದಾಗಲೆಲ್ಲ, ಹೊಸತು ಸೇರಿಸಿದಾಗಲೆಲ್ಲ, ಪಿನ್ ತೆಗೆಯುವ ಮುನ್ನ ಇಬ್ಬರು ಹಿಡಿದು ಮತ್ತೆ ಪರೀಕ್ಷಿಸಬೇಕು.

ಎರಡೂ ದಂಡಗಳನ್ನು ಒಂದೇ ಸಾಲಿಗೆ ತರಲು ಗಾರೆಯವರ ಸಾಮಾನುಗಳೇ ಸಾಕು. ಟ್ಯೂಬ್ ಲೆವೆಲ್ಲಿನಿಂದ ಎರಡು ತಲೆಗಳ ಎತ್ತರ ಸರಿಮಾಡಿ, ಈ ತುದಿಯಿಂದ ಆ ತುದಿಗೆ ದಾರ ಎಳೆದು, ರಸಮಟ್ಟ ಇಟ್ಟು ಕಂಬಗಳು ನೆಟ್ಟಗಿವೆಯೇ ನೋಡಬೇಕು. ಆಮೇಲೆ ತಳಗಳನ್ನು ಉದ್ದನೆಯ ಪೈಪಿನಿಂದ ಒಂದಕ್ಕೊಂದು ಕೂಡಿಸಬೇಕು. ಇಲ್ಲವಾದರೆ ತಿರುಗಿಸಿದಾಗಲೆಲ್ಲ ಸ್ಟ್ಯಾಂಡುಗಳು ಇಷ್ಟಿಷ್ಟೇ ದೂರ ಸರಿಯುತ್ತವೆ. ನಡುವಿನ ಪೈಪು ಕಾಲಿಗೆ ತೊಡರುತ್ತದೆಂದು ಕೆಲವರು ಬಿಟ್ಟುಬಿಡುತ್ತಾರೆ. ಕಾರಿನ ಹೊಟ್ಟೆಯೇ ಎದೆಯ ಮಟ್ಟಕ್ಕೆ ಬಂದು ನಿಲ್ಲುವಾಗ ಅಡಿಗೆ ತೂರುವ ಪ್ರಮೇಯವೇ ಇಲ್ಲ, ಹಾಗಾಗಿ ಆ ಪೈಪು ಇರಲಿ. ಸ್ಟ್ಯಾಂಡಿಗೆ ಚಕ್ರ ಹಾಕಿದ್ದರೆ ಅದು ಸ್ಥಳ ಬದಲಿಸಲು ಮಾತ್ರ. ಕೆಲಸದ ಹೊತ್ತಿಗೆ ಸ್ಕ್ರೂ ಕಾಲುಗಳನ್ನಿಳಿಸಿ ಭಾರವನ್ನು ಅವುಗಳ ಮೇಲೆ ಹಾಕಬೇಕು.

ಕವಚವನ್ನು ತೂಗುಹಾಕುವ ಮುಂಚೆ ಬಂಪರ್ ಬೋಲ್ಟಿನ ಸುತ್ತಲಿನ ತಗಡನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಆ ಜಾಗವೇ ಕೊಳೆತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ. ಇನ್ನೂ ಮುಖ್ಯವಾದದ್ದು, ಕಾರು ರಸ್ತೆಯ ಮೇಲಿದ್ದಾಗ ಅದರ ಭಾರ ಸಸ್ಪೆನ್ಶನ್ ಕೂರುವ ಕಡೆಗಳಲ್ಲಿ ಬೀಳುತ್ತದೆ, ಮೂತಿಯಲ್ಲೂ ಬಾಲದಲ್ಲೂ ಅಲ್ಲ. ತಿರುಗಣಿಯ ಮೇಲೆ ಕವಚ ಎರಡು ತುದಿಯಿಂದ ನೇತಾಡುತ್ತದೆ. ಆ ಸ್ಥಿತಿಯಲ್ಲಿ ಎರಡೂ ಹೊಸ್ತಿಲನ್ನು ಕತ್ತರಿಸಿದರೆ ಅದು ನಡುವಿನಲ್ಲಿ ಬಾಗುತ್ತದೆ. ಬಾಗಿದ ಸ್ಥಿತಿಯಲ್ಲೇ ಹೊಸ ಹೊಸ್ತಿಲು ಬೆಸೆದರೆ ಆ ಸೊಟ್ಟ ಶಾಶ್ವತ. ಬಾಗಿಲು ಇನ್ನೆಂದೂ ಸರಿಯಾಗಿ ಕೂರುವುದಿಲ್ಲ. ಕೆಲವು ಅನುಭವಿಗಳು ಬಾಗಿಲ ಚೌಕಟ್ಟಿನೊಳಗೆ ಕಬ್ಬಿಣದ ಆಂಗಲ್ ತುಂಡುಗಳನ್ನು ಅಡ್ಡಡ್ಡ ಬೆಸೆದು, ಆಚೆ ಈಚೆಯ ಕಂಬಗಳನ್ನು ಒಂದಕ್ಕೊಂದು ಕಟ್ಟಿಹಾಕಿ ಎಲ್ಲವನ್ನೂ ತಿರುಗಣಿಯ ಮೇಲೇ ಮಾಡುತ್ತಾರೆ. ಹೊಸ್ತಿಲಿನ ಕೆಲಸವನ್ನು ನೆಲದ ಮೇಲೇ ಮುಗಿಸಬೇಕು ಎನ್ನುವುದು ನನ್ನ ಪಕ್ಷ. ಕವಚವನ್ನು ಸಸ್ಪೆನ್ಶನ್ ಜಾಗಗಳಲ್ಲಿ ಸಮತಟ್ಟಾಗಿ ಕೂರಿಸಿ, ಅಡ್ಡ ಆಧಾರಗಳನ್ನೂ ಬೆಸೆದು, ಬಾಗಿಲ ಚೌಕಟ್ಟಿನ ಕರ್ಣಗಳನ್ನು ಟೇಪಿನಲ್ಲಿ ಅಳೆದು ಬರೆದಿಟ್ಟುಕೊಂಡು, ಒಂದು ಬದಿಯ ಹೊಸ್ತಿಲು ಮುಗಿದ ಮೇಲೆ ಇನ್ನೊಂದಕ್ಕೆ ಕೈ ಹಾಕುವುದು. ಬಾಗಿಲನ್ನು ಆಗಾಗ ತಗುಲಿಸಿ ಸುತ್ತಲಿನ ಸಂದು ಒಂದೇ ಸಮ ಇದೆಯೇ ನೋಡುವುದು. ಹೊಸ್ತಿಲು ಗಟ್ಟಿಯಾದ ಮೇಲೆ ಕವಚಕ್ಕೆ ಬೆನ್ನೆಲುಬು ಬಂದಂತೆ, ಆಗ ಧೈರ್ಯವಾಗಿ ತಿರುಗಣಿಗೆ ಏರಿಸಬಹುದು.

ಮೊದಲ ಸಲ ಕವಚ ಅಂಗಾತವಾದಾಗ ಆಗುವ ಸದ್ದನ್ನು ಕೇಳಿದವರು ಮರೆಯಲಾರರು. ಡಬ್ಬಿಯಂಥ ತೊಲೆಗಳೊಳಗೆ ಅಡಗಿದ್ದ ಮರಳು, ಒಣಮಣ್ಣು, ಎಲೆ, ತುಕ್ಕಿನ ಹೆಕ್ಕಳೆ, ಕಳೆದುಹೋದ ವಾಷರು ಎಲ್ಲ ಮಳೆ ಸುರಿದ ಹಾಗೆ ಒಳಗೊಳಗೇ ಉರುಳಿ ನೀರಿಳಿಯುವ ತೂತುಗಳಿಂದ ಹೊರಬೀಳುತ್ತವೆ. ಮಳೆಗಾಲದಲ್ಲಿ ಒಳಗಿನ ತೇವ ಆರದಂತೆ ಹಿಡಿದಿಟ್ಟುಕೊಂಡಿದ್ದುದು ಈ ಮಣ್ಣೇ. ತಿರುಗಿಸುತ್ತಾ, ತಟ್ಟುತ್ತಾ, ಏರ್ ಕಂಪ್ರೆಸರಿನಿಂದ ಊದುತ್ತಾ ಅದನ್ನು ಪೂರ್ತಿ ಹೊರಹಾಕಬೇಕು. ಕಪ್ಪು ಅಂಡರ್‌ಕೋಟನ್ನು ಕೆರೆದು ತೆಗೆಯುವ ಬೇಸರದ ಕೆಲಸವೂ ಇಲ್ಲಿ ನಿಂತುಕೊಂಡೇ ನಡೆಯುತ್ತದೆ. ಕೆರೆದಂತೆಲ್ಲ ತೇಪೆಯ ಕೆಳಗೆ ತೇಪೆ ಕಾಣಿಸುತ್ತದೆ. ಆ ಗಾಡಿ ಎಷ್ಟು ಕೈ ದಾಟಿದೆ, ಎಲ್ಲೆಲ್ಲಿ ಪೆಟ್ಟು ತಿಂದಿದೆ ಎಂಬುದನ್ನೆಲ್ಲ ಅಡಿಯ ತಗಡು ಬಚ್ಚಿಡದೆ ಹೇಳುತ್ತದೆ.

ಬೆಸುಗೆಯ ಗುಣಮಟ್ಟವಂತೂ ಪೂರ್ತಿ ಬದಲಾಗುತ್ತದೆ. ನೆಲದ ತಗಡಿನ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಕಡ್ಡಿ ವೆಲ್ಡಿಂಗಿಗೆ ಅದು ತೂತು ಬೀಳುತ್ತದೆ. 0.8 ಮಿಲಿಮೀಟರ್ ತಂತಿಯ ಮಿಗ್ ವೆಲ್ಡಿಂಗ್ ಇದಕ್ಕೆ ತಕ್ಕದ್ದು. ನೆತ್ತಿಯ ಮೇಲೆ ಬೆಸೆಯುವಾಗ ಕರಗಿದ ಲೋಹ ಜಾರುತ್ತದೆಂದು ಬಿಸಿಯನ್ನು ಕಡಿಮೆ ಇಡುತ್ತಾರೆ, ಆಗ ಬೆಸುಗೆ ಒಳಕ್ಕಿಳಿಯದೆ ಮೇಲ್ಮೈಯಲ್ಲೇ ಅಂಟಿಕೊಳ್ಳುತ್ತದೆ. ಕವಚವನ್ನು ಮಗುಚಿ, ಸೀಳನ್ನು ಎದುರಿಗೆ ಸಮತಟ್ಟಾಗಿ ತಂದುಕೊಂಡರೆ ಭೂಮಿಯ ಎಳೆತವೇ ಲೋಹವನ್ನು ಸಂದಿಗೆ ಇಳಿಸಿಕೊಡುತ್ತದೆ. ಕೊಳೆತದ್ದನ್ನು ಗಟ್ಟಿ ಲೋಹ ಹೊಳೆಯುವವರೆಗೆ ಕತ್ತರಿಸಿ, ಹೊಸ ತುಂಡನ್ನು ಅಂಚಿಗೆ ಅಂಚು ಕೂರಿಸಿ, ಇಲ್ಲೊಂದು ಅಲ್ಲೊಂದು ಟಾಕಿ ಹಾಕುತ್ತಾ ಸೇರಿಸಬೇಕು. ಒಂದೇ ಗುಕ್ಕಿಗೆ ಎಳೆದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ. ಜಿ.ಐ. ತಗಡು ಬಳಸುವುದಾದರೆ ಅಂಚಿನ ಸತುವನ್ನು ಉಜ್ಜಿ ತೆಗೆದೇ ಬೆಸೆಯಬೇಕು, ಅದರ ಹೊಗೆ ಜ್ವರ ತರಿಸುತ್ತದೆ.

ಕತ್ತರಿಸುವಾಗ ಕಾನೂನಿನ ಒಂದು ಮಾತನ್ನೂ ನೆನಪಿಡಬೇಕು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರಗಳು. ಷರತ್ತು ಏನೆಂದರೆ ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ ಶೆಲ್, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಎಪ್ಪತ್ತರ ದಶಕದ ಆರಂಭದ ಫಿಯೆಟ್ಟುಗಳು ಈಗ ಈ ವಯಸ್ಸು ದಾಟಿವೆ. ಹಾಗಾಗಿ ಕೊಳೆತದ್ದನ್ನು ಅದೇ ಆಕಾರದಲ್ಲಿ, ಅದೇ ಮಡಿಕೆ, ಅದೇ ಉಬ್ಬುಗೆರೆಗಳೊಂದಿಗೆ ಮರಳಿ ಮಾಡುವುದು ಶಿಲ್ಪದ ಪ್ರಶ್ನೆಯಷ್ಟೇ ಅಲ್ಲ, ದಾಖಲೆಯ ಪ್ರಶ್ನೆಯೂ ಹೌದು. ಚಾಸಿ ನಂಬರ್ ಕೊರೆದ ತಗಡಿಗೆ ಗ್ರೈಂಡರ್ ತಾಗಿಸಲೇಬಾರದು. ಪ್ರತಿ ಹಂತದಲ್ಲೂ ಫೋಟೊ ತೆಗೆದಿಡಬೇಕು. ಧರ್ಮಸ್ಥಳದ ಕಾರು ಸಂಗ್ರಹವನ್ನೋ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯವನ್ನೋ ನೋಡಲು ಹೋದಾಗ ಹೊಳೆಯುವ ಬಾನೆಟ್ಟಿನಲ್ಲೇ ಕಣ್ಣು ನಿಲ್ಲಿಸದೆ, ಒಮ್ಮೆ ಬಗ್ಗಿ ಬಾಗಿಲ ಕೆಳಗಿನ ಅಂಚಿನ ಗೆರೆಯನ್ನೂ ನೋಡಿ ಬನ್ನಿ. ಮೂಲದ ಗೆರೆ ಹೇಗಿರುತ್ತದೆಂದು ಕಣ್ಣಿಗೆ ಕೂತಿದ್ದರೆ ಕೈಗೆ ದಾರಿ ಸಿಗುತ್ತದೆ.

ತಿರುಗಣಿಯ ಕೊನೆಯ ಉಪಕಾರ ಬಣ್ಣದ ಹೊತ್ತಿನದು. ಬರಿ ರೆಡ್ ಆಕ್ಸೈಡ್ ಬಳಿದು ಬಿಟ್ಟರೆ ಅದು ತೇವವನ್ನು ಪೂರ್ತಿ ತಡೆಯುವುದಿಲ್ಲ. ಎಪಾಕ್ಸಿ ಪ್ರೈಮರ್, ಅಂಚುಗಳಿಗೆ ಸೀಲರ್, ಅದರ ಮೇಲೆ ಕಲ್ಲೇಟು ತಡೆಯುವ ಲೇಪ, ಹೀಗೆ ಪದರ ಪದರವಾಗಿ ಹೋಗಬೇಕು. ಸ್ಪ್ರೇ ಗನ್ನನ್ನು ಮೇಲ್ಮುಖವಾಗಿ ಹಿಡಿಯುವ ಕಷ್ಟ ತಪ್ಪಿರುತ್ತದೆ, ಬಣ್ಣ ಸೋರಿ ಹನಿಗಟ್ಟುವುದಿಲ್ಲ. ಎಲ್ಲ ಮುಗಿದ ಮೇಲೆ ಹೊಸ್ತಿಲು ಮತ್ತು ತೊಲೆಗಳೊಳಗೆ ಉದ್ದನೆಯ ನಳಿಗೆಯಿಂದ ಮೇಣದ ದ್ರವ ಹೊಡೆದು ಕವಚವನ್ನು ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಬೇಕು. ಯಾವ ನಳಿಗೆಯೂ ತಲುಪದ ಸಂದಿಗಳಿಗೆ ಅದು ತಾನಾಗಿ ಹರಿದು ಹೋಗುತ್ತದೆ. ಹೆಚ್ಚಾದದ್ದು ಬಸಿದುಹೋದ ನಂತರ ನೀರಿಳಿಯುವ ತೂತುಗಳು ಮೇಣದಿಂದ ಮುಚ್ಚಿಕೊಂಡಿವೆಯೇ ಎಂದು ಒಂದೊಂದಕ್ಕೂ ತಂತಿ ಹಾಕಿ ನೋಡಬೇಕು. ಕೌಲಿಯ ತೊಟ್ಟಿಯಲ್ಲಿ ನಡೆಯುತ್ತಿದ್ದುದಕ್ಕೆ ಮನೆಯ ಶೆಡ್ಡಿನಲ್ಲಿ ಇದಕ್ಕಿಂತ ಹತ್ತಿರ ಹೋಗಲಾಗದು.

ಕವಚ ಕೆಳಗಿಳಿದು ಅಚ್ಚು, ಚಕ್ರ ಕೂಡಿದ ಮೇಲೆ ನೂರೈವತ್ತು ಕೆ.ಜಿ.ಯ ಆಸುಪಾಸಿನ ಕಬ್ಬಿಣ ಶೆಡ್ಡಿನಲ್ಲಿ ಉಳಿಯುತ್ತದೆ. ಅದನ್ನು ಗುಜರಿಗೆ ಹಾಕಬೇಡಿ. ಹಳೆಯ ಕಾರಿನ ಹುಚ್ಚು ಒಂದು ಬೀದಿಯಲ್ಲಿ ಒಬ್ಬರಿಗೇ ಹಿಡಿಯುವುದು ಕಡಿಮೆ. ಪಕ್ಕದವರದು ಅಂಬಾಸಡರ್ ಆಗಿದ್ದರೆ ಅದು ಪದ್ಮಿನಿಗಿಂತ ಒಂದಡಿಗೂ ಹೆಚ್ಚು ಉದ್ದ, ಕವಚವೂ ಭಾರ. ತಳದ ಪೈಪನ್ನು ಒಂದರೊಳಗೊಂದು ಜಾರುವಂತೆ ಮಾಡಿದ್ದರೆ ಉದ್ದ ಸರಿಹೊಂದುತ್ತದೆ. ಬಂಪರ್ ಬೋಲ್ಟುಗಳ ಅಂತರ ಬೇರೆಯಾದ್ದರಿಂದ ಬಂಪರಿನ ಚೌಕಟ್ಟುಗಳೆರಡನ್ನು ಮಾತ್ರ ಹೊಸದಾಗಿ ಕೊರೆಸಬೇಕು. ತೂಕದ ನಡುವನ್ನು ಅವರೂ ಮೊದಲಿನಿಂದ, ಹತ್ತು ಡಿಗ್ರಿ ಓರೆ ಮಾಡಿಯೇ ಹುಡುಕಬೇಕು.